ದುಬೈ ಎಷ್ಟು ದೂರ?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಈ ಸಭೆಗೆ ಕರೆದಾಗ ಸಂಘದವರು "ಮಕ್ಕಳಿಗೆ ಉಪಯೋಗವಾಗುವ ಒಂದು ವಿಷಯ ಮಾತಾಡಿ" ಎಂದಷ್ಟೇ ಹೇಳಿದ್ದರು. ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ಆದ್ದರಿಂದ ಸಾಹಿತ್ಯದ ಬಗ್ಗೆ ಏನಾದರೂ ಹೇಳುತ್ತೇನೆಂದು ನೀವು ಎಣಿಸಿರಬಹುದು. ಇವತ್ತು ನಾನು ಆರಿಸಿಕೊಂಡಿರುವ ವಿಷಯ ಬೇರೆ. ಮಂಗಳೂರಿನಿಂದ ದುಬೈಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ಇಷ್ಟೇ.

ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ತಂದೆ, ಅಣ್ಣ, ಮಾಮ, ಚಾಚಾ ಹೀಗೆ ಮನೆಯ ಒಬ್ಬರೂ ಗಲ್ಫಿಗೆ ಹೋಗದವರು ಕೈ ಎತ್ತಿ ಎಂದರೆ ಈ ಸಭಾಂಗಣದಲ್ಲಿ ಎಷ್ಟು ಕೈ ಮೇಲೆದ್ದಾವು? ನಮ್ಮ ಮನೆಗಳಲ್ಲಿ ಮೈಸೂರಿಗಿಂತ ಹೆಚ್ಚು ಸಲ ಹೆಸರು ಹೇಳುವ ಊರು ದುಬೈ. ಅದರ ದೂರವನ್ನು ನಾವು ಸರಿಯಾಗಿ ಲೆಕ್ಕ ಹಾಕಿ ತಿಳಿದವರಲ್ಲ. ನಾನೂ ತಿಳಿದವಳಾಗಿರಲಿಲ್ಲ. ಈ ಲೆಕ್ಕದಲ್ಲಿ ಒಂದು ಸಲ ನಾನೇ ತಪ್ಪಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಶಿಕ್ಷಕರಿಲ್ಲದೆ ಆ ತರಗತಿಯೂ ನನ್ನ ಪಾಲಿಗೆ ಬಂತು. ಅಕ್ಷಾಂಶ, ರೇಖಾಂಶದ ಪಾಠ. ಒಬ್ಬ ಹುಡುಗನ ತಂದೆ ರಜೆಗೆ ಬಂದಿದ್ದರು. ಅವರ ಟಿಕೇಟನ್ನು ತರಿಸಿ ಬೋರ್ಡಿನ ಮೇಲೆ ಬರೆದೆ. ಮಂಗಳೂರು ಬಿಡುವುದು ಬೆಳಿಗ್ಗೆ 9.00, ದುಬೈ ತಲುಪುವುದು 11.15. ಹಿಂತಿರುಗುವಾಗ ದುಬೈ ಬಿಡುವುದು 12.15, ಮಂಗಳೂರು ತಲುಪುವುದು ಸಂಜೆ 5.20. ಪ್ರಯಾಣದ ಅವಧಿ ಎಷ್ಟು ಎಂದು ಕೇಳಿದೆ. ಎಲ್ಲರೂ ಕಳೆಯುವ ಲೆಕ್ಕ ಮಾಡಿದರು. ಹೋಗಲು ಎರಡೂ ಕಾಲು ಗಂಟೆ, ಬರಲು ಐದು ಗಂಟೆ ಐದು ನಿಮಿಷ ಎಂದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಒಬ್ಬ ಎದ್ದು ನಿಂತು, "ಹೋಗುವಾಗ ಇಳಿಜಾರು, ಬರುವಾಗ ಏರು ಇರಬೇಕು ಟೀಚರ್" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಆ ಹುಡುಗ ಕಾರಣವನ್ನಾದರೂ ಹುಡುಕಿದ. ಉಳಿದವರು ಉತ್ತರ ಬರೆದು ಪುಸ್ತಕ ಮುಚ್ಚಿದ್ದರು.

ಮೊದಲು ದೂರವನ್ನು ನೋಡೋಣ. ಇದಕ್ಕೆ ನಿಮ್ಮ ಅಟ್ಲಾಸ್ ಮತ್ತು ಪೈಥಾಗೊರಸನ ಪ್ರಮೇಯ ಸಾಕು. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ ಇದೆ. ದುಬೈ 25 ಡಿಗ್ರಿ ಚಿಲ್ಲರೆ ಉತ್ತರ, 55 ಡಿಗ್ರಿ ಚಿಲ್ಲರೆ ಪೂರ್ವ. ನಿಖರವಾಗಿ ತೆಗೆದರೆ ಅಕ್ಷಾಂಶದಲ್ಲಿ 12.3 ಡಿಗ್ರಿ, ರೇಖಾಂಶದಲ್ಲಿ 19.5 ಡಿಗ್ರಿ ವ್ಯತ್ಯಾಸ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಹಾಗಾಗಿ ಉತ್ತರಕ್ಕೆ ಹೋಗಬೇಕಾದದ್ದು ಸುಮಾರು 1,365 ಕಿ.ಮೀ.

ಪೂರ್ವ ಪಶ್ಚಿಮದ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ರೇಖಾಂಶದ ಗೆರೆಗಳು ಸಮಭಾಜಕ ವೃತ್ತದಲ್ಲಿ ಅಗಲವಾಗಿದ್ದು ಧ್ರುವಕ್ಕೆ ಹೋದಂತೆ ಹತ್ತಿರವಾಗುತ್ತವೆ, ಸುಲಿದ ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ. ನಮ್ಮ ಎರಡು ಊರುಗಳ ನಡುವಿನ ಅಕ್ಷಾಂಶ 19 ಡಿಗ್ರಿ. ಅಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ 111 ಅಲ್ಲ, ಸುಮಾರು 105 ಕಿ.ಮೀ. ಹಾಗಾಗಿ ಪಶ್ಚಿಮಕ್ಕೆ ಹೋಗಬೇಕಾದದ್ದು ಸುಮಾರು 2,048 ಕಿ.ಮೀ. ಈಗ ಎರಡರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. 2,460ರ ಆಸುಪಾಸು ಬರುತ್ತದೆ. ಭೂಮಿಯ ಗೋಳಾಕಾರವನ್ನು ಪೂರ್ತಿ ಲೆಕ್ಕಕ್ಕೆ ಹಿಡಿದು ದೊಡ್ಡ ಸೂತ್ರದಲ್ಲಿ ಮಾಡಿದರೂ ಹೆಚ್ಚುಕಡಿಮೆ ಅದೇ ಬರುತ್ತದೆ. ಎಂಟನೇ, ಒಂಬತ್ತನೇ ತರಗತಿಯ ಗಣಿತದಿಂದ ನಿಮ್ಮ ತಂದೆ ಎಷ್ಟು ದೂರದಲ್ಲಿದ್ದಾರೆಂದು ಅಳೆಯಬಹುದು. "ಈ ಪ್ರಮೇಯದಿಂದ ಏನು ಪ್ರಯೋಜನ" ಎಂದು ಗಣಿತ ಮೇಷ್ಟ್ರನ್ನು ಪೀಡಿಸುವವರು ಇದನ್ನು ನೆನಪಿಡಿ.

ವಿಮಾನ ಹಾರುವ ದೂರ ಇದಕ್ಕಿಂತ ಸ್ವಲ್ಪ ಹೆಚ್ಚು. ಆಕಾಶದಲ್ಲೂ ದಾರಿಗಳಿವೆ, ತಿರುವುಗಳಿವೆ, ಒಂದು ದೇಶದ ನಿಯಂತ್ರಣದಿಂದ ಇನ್ನೊಂದಕ್ಕೆ ದಾಟುವ ಗೊತ್ತಾದ ಜಾಗಗಳಿವೆ. ನಮ್ಮದು ಅರಬ್ಬೀ ಸಮುದ್ರದ ಮೇಲೆ ಹೋಗಿ ಒಮಾನ್ ಕಡೆಯಿಂದ ಒಳಹೋಗುವ ದಾರಿಯಾದ್ದರಿಂದ ಸುತ್ತು ಕಡಿಮೆ. ದೆಹಲಿಯವರಿಗೆ ಹಾಗಲ್ಲ. 2019ರಲ್ಲಿ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದ್ದಾಗ ಅಲ್ಲಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಬಳಸಿ ಹೋದವು. 2025ರ ಏಪ್ರಿಲ್‌ನಲ್ಲಿ ಮತ್ತೆ ಹಾಗೆಯೇ ಆಯಿತು. ಭೂಪಟದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದ ದೂರಕ್ಕೂ ಟಿಕೇಟಿನ ಹೊತ್ತಿಗೂ ಇಂಥ ವಿಷಯಗಳಲ್ಲಿ ಸಂಬಂಧ ತಪ್ಪುತ್ತದೆ.

ಇನ್ನು ಹೊತ್ತು. ನಮ್ಮ ಕಡೆ ಬರುವ ಬೋಯಿಂಗ್ 737ನಂಥ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 840 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 2,460ನ್ನು 840ರಿಂದ ಭಾಗಿಸಿದರೆ ಮೂರು ಗಂಟೆಗೆ ನಾಲ್ಕೈದು ನಿಮಿಷ ಕಡಿಮೆ. ಆದರೆ ವಿಮಾನ ನಿಂತಲ್ಲಿಂದ ಆ ವೇಗದಲ್ಲಿ ಹೊರಡುವುದಿಲ್ಲ. ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಸರದಿ ಬರಬೇಕು, ಮೇಲೇರಬೇಕು, ಇಳಿಯುವಾಗ ವೇಗ ತಗ್ಗಿಸಬೇಕು, ಇಳಿದ ಮೇಲೆ ಮತ್ತೆ ಉರುಳಬೇಕು. ದುಬೈ ಪ್ರಪಂಚದ ಅತ್ಯಂತ ಗಿಜಿಗುಡುವ ವಿಮಾನ ನಿಲ್ದಾಣಗಳಲ್ಲಿ ಒಂದು. ಟಿಕೇಟಿನಲ್ಲಿ ಬರೆದ ಹೊತ್ತಿನಲ್ಲಿ ಇದೆಲ್ಲ ಸೇರಿರುತ್ತದೆ. ಹಾಗಾಗಿ ಮೂರೂವರೆ ಗಂಟೆ ಆಚೀಚೆ.

ಆ ಆಚೀಚೆಗೆ ಕಾರಣ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ, ಅರೇಬಿಯಾಗಳ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ದುಬೈಗೆ ಹೋಗುವ ವಿಮಾನಕ್ಕೆ ಅದು ಎದುರು, ಬರುವ ವಿಮಾನಕ್ಕೆ ಬೆನ್ನಿಗೆ. ಉದಾಹರಣೆಗೆ ದಾರಿಯುದ್ದಕ್ಕೂ ಗಂಟೆಗೆ 80 ಕಿ.ಮೀ. ಗಾಳಿ ಎಂದಿಟ್ಟುಕೊಂಡು ಲೆಕ್ಕ ಮಾಡಿ. ಹೋಗುವ ವೇಗ 760, ಬರುವ ವೇಗ 920. ಎರಡಕ್ಕೂ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚೇ ವ್ಯತ್ಯಾಸ ಬರುತ್ತದೆ. ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ಮೇಲೆ ತುಂಬ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ತಗ್ಗುತ್ತದೆ. ಇಳಿಜಾರು, ಏರು ಎಂದ ಹುಡುಗನ ಮಾತು ಪೂರ್ತಿ ಸುಳ್ಳಲ್ಲ ನೋಡಿ. ಆಕಾಶದಲ್ಲಿ ಏರಿಳಿತ ಇದೆ, ಆದರೆ ಅದು ಗಾಳಿಯದು. ಅದೂ ಅವನು ಹೇಳಿದ್ದಕ್ಕೆ ತಿರುವುಮುರುವು. ಹೋಗುವಾಗಲೇ ಕಷ್ಟ, ಬರುವಾಗ ಸುಲಭ.

ಹಾಗಿದ್ದರೆ ಬೋರ್ಡಿನ ಮೇಲಿನ ಎರಡೂ ಕಾಲು, ಐದು ಗಂಟೆ ಎಲ್ಲಿಂದ ಬಂತು? ಗಡಿಯಾರದಿಂದ. ನಮ್ಮ ಭಾರತದ ಸಮಯಕ್ಕೆ ಆಧಾರ 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ದುಬೈ ಪಾಲಿಸುವ ಸಮಯಕ್ಕೆ ಸಲ್ಲುವ ರೇಖಾಂಶ 60 ಡಿಗ್ರಿ. ನಡುವಿನ ವ್ಯತ್ಯಾಸ ಇಪ್ಪತ್ತೆರಡೂವರೆ ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಗುಣಿಸಿ. 90 ನಿಮಿಷ. ನಮ್ಮ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಟಿಕೇಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. 11.15ಕ್ಕೆ ಒಂದೂವರೆ ಕೂಡಿಸಿದರೆ ನಮ್ಮ 12.45. ಅದರಿಂದ 9 ಕಳೆದರೆ ಮೂರೂ ಮುಕ್ಕಾಲು ಗಂಟೆ. ಬರುವಾಗ ದುಬೈಯ 12.15 ಎಂದರೆ ನಮ್ಮ 1.45. ಅಲ್ಲಿಂದ 5.20ಕ್ಕೆ ಮೂರು ಗಂಟೆ 35 ನಿಮಿಷ. ಲೆಕ್ಕ ಸರಿಹೋಯಿತು.

ಅಮೆರಿಕ, ಯೂರೋಪಿನ ಹಾಗೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಗಡಿಯಾರ ನಮ್ಮಲ್ಲೂ ಇಲ್ಲ, ಅಲ್ಲೂ ಇಲ್ಲ. ವರ್ಷವಿಡೀ ಒಂದೂವರೆ ಗಂಟೆಯೇ. ಒಮಾನಿಗೂ ಅಷ್ಟೇ. ಸೌದಿ, ಕುವೈತ್, ಕತಾರ್, ಬಹ್ರೇನ್‌ಗಳಲ್ಲಿ ಇರುವವರಿಗೆ ಎರಡೂವರೆ ಗಂಟೆ.

ಇಲ್ಲಿ ಒಂದು ಮಾತು. ಗಡಿಯಾರದ ವ್ಯತ್ಯಾಸ 90 ನಿಮಿಷವಾದರೂ ಸೂರ್ಯನ ವ್ಯತ್ಯಾಸ ಅಷ್ಟಿಲ್ಲ. ಮಂಗಳೂರಿನ ನೆತ್ತಿಯ ಮೇಲೆ ಬಂದ ಸೂರ್ಯ ದುಬೈಯ ನೆತ್ತಿಗೆ ಬರಲು ಹತ್ತೊಂಬತ್ತೂವರೆ ಡಿಗ್ರಿಯ ಲೆಕ್ಕದಲ್ಲಿ 78 ನಿಮಿಷ ಸಾಕು. ರಮಝಾನಿನಲ್ಲಿ ಮಧ್ಯಾಹ್ನ ಮಂಗಳೂರು ಬಿಟ್ಟು ಪಶ್ಚಿಮಕ್ಕೆ ಹೋಗುವವರಿಗೆ ಇದು ಅನುಭವಕ್ಕೆ ಬರುತ್ತದೆ. ಕೈಯಲ್ಲಿರುವ ಊರಿನ ಗಡಿಯಾರ ಇಫ್ತಾರ್ ಆಯಿತು ಎನ್ನುತ್ತದೆ, ಕಿಟಕಿಯಲ್ಲಿ ಸೂರ್ಯ ಕಣ್ಣಿಗೆ ಹೊಡೆಯುತ್ತಿರುತ್ತಾನೆ. ಹತ್ತು ಕಿಲೋಮೀಟರ್ ಎತ್ತರದಿಂದ ನೋಡುವುದರಿಂದ ಕೆಳಗಿನವರಿಗೆ ಮುಳುಗಿದ ಮೇಲೂ ಮೇಲಿನವರಿಗೆ ಸ್ವಲ್ಪ ಹೊತ್ತು ಕಾಣುತ್ತಾನೆ. ಅಂಥ ದಿನ ಉಪವಾಸ ಮನೆಯವರಿಗಿಂತ ಒಂದು ಗಂಟೆಗೂ ಹೆಚ್ಚು ಉದ್ದ.

ಈಗ ಹಳೆಯ ಕಾಲದ ಮಾತು ಸ್ವಲ್ಪ. ನಮ್ಮ ಅಬ್ಬಾ 1984ರಲ್ಲಿ ದುಬೈಗೆ ಹೋದವರು. ಆಗ ಮಂಗಳೂರಿನಿಂದ ನೇರ ವಿಮಾನ ಇರಲಿಲ್ಲ. ಬಜ್ಪೆಯಲ್ಲಿ ವಿಮಾನ ಇಳಿಯತೊಡಗಿದ್ದು 1951ರಿಂದಲೇ, ಆದರೆ ಹೊರದೇಶಕ್ಕೆ ಹೋಗಬೇಕಾದವರು ಬೊಂಬಾಯಿಗೆ ಬಸ್ಸು ಹಿಡಿಯಬೇಕು. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ಘಾಟಿಗಳ ದಾರಿಯಲ್ಲಿ ಒಂದು ಹಗಲು, ಒಂದು ರಾತ್ರಿ. ಬೊಂಬಾಯಿಯಿಂದ ದುಬೈಗೆ 1,930 ಕಿ.ಮೀ. ಆಕಾಶದ ಆ ದೂರಕ್ಕೆ ಮೂರು ಗಂಟೆ, ನೆಲದ ಮೇಲೆ ಅದರ ಅರ್ಧದಷ್ಟೂ ಇಲ್ಲದ ದೂರಕ್ಕೆ ಒಂದು ದಿನ. ಅಬ್ಬಾ ಹೇಳುತ್ತಿದ್ದರು, ನನಗೆ ದುಬೈ ದೂರ ಅನ್ನಿಸಲೇ ಇಲ್ಲ, ಬೊಂಬಾಯಿ ದೂರ ಅನ್ನಿಸಿತ್ತು ಎಂದು.

ಅವರಿಗಿಂತ ಹಿಂದಿನವರು ಹಡಗಿನಲ್ಲಿ ಹೋದರು. ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಬೊಂಬಾಯಿಯಿಂದ ಕರಾಚಿ, ಮಸ್ಕತ್, ದುಬೈ, ಬಹ್ರೇನ್ ಮುಟ್ಟಿ ಬಸ್ರಾವರೆಗೆ ಹೋಗುತ್ತಿದ್ದವು. ಅವುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರಲ್ಲಿ ನಿಂತಿತು. 'ದಾರಾ' ಎಂಬ ಇನ್ನೊಂದು ಹಡಗು 1961ರ ಏಪ್ರಿಲ್ 8ರಂದು ದುಬೈ ಹತ್ತಿರ ಸ್ಫೋಟಗೊಂಡು 238 ಜನ ಸತ್ತರು. ಆ ದಾರಿಯಲ್ಲಿ ಹೋದವರನ್ನು ಮನೆಯವರು ದಿನ ಎಣಿಸಿ ಕಾಯುತ್ತಿರಲಿಲ್ಲ. ಕಾಗದ ಬಂದ ದಿನವೇ ತಲುಪಿದ ದಿನ.

2006ರ ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭಿಸಿತು. ಆ ವರ್ಷವೇ 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂದಿತ್ತು. ಆಮೇಲೆ ನಮ್ಮವರಿಗೆ ಊರು ಹತ್ತಿರವಾಯಿತು. ಮದುವೆಗೆ ಮೂರು ದಿನದ ಮಟ್ಟಿಗೆ ಬಂದು ಹೋಗುವವರು ಹುಟ್ಟಿಕೊಂಡರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅದೇ ರನ್‌ವೇಯ ಕೊನೆ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಹೋದರು. ಅಂದು ನಾನು ಇನ್ನೂ ಓದುತ್ತಿದ್ದೆ. ಮೂರೂವರೆ ಗಂಟೆಯ ಪ್ರಯಾಣ ಮುಗಿದೇಹೋಗಿತ್ತು ಎನ್ನುವಾಗ ನಡೆದದ್ದು ಅದು. ನಮ್ಮ ಕರಾವಳಿಯ ತಾಯಂದಿರು ವಿಮಾನ ಇಳಿಯಿತು ಎಂದು ಫೋನ್ ಬರುವವರೆಗೆ ಜಾನಮಾಝಿನಿಂದ ಏಳದಿರುವುದನ್ನು ನೀವು ನೋಡಿದ್ದೀರಿ.

ಅಬ್ಬಾ ದುಬೈಯಲ್ಲಿದ್ದಾಗ ನಮ್ಮ ದಾದಾ ತೀರಿಕೊಂಡರು. ಟೆಲಿಗ್ರಾಂ ಹೋಯಿತು. ಅಬ್ಬಾ ಬಂದದ್ದು ಹನ್ನೊಂದನೆಯ ದಿನ. ಯಾರೂ ಅವರಿಗಾಗಿ ಕಾದಿರಲಿಲ್ಲ, ಕಾಯಬೇಕೆಂದು ಅವರೂ ಎಣಿಸಿರಲಿಲ್ಲ. ಅವರು ಅದನ್ನು ಹೇಳುವಾಗ ದುಃಖವಿತ್ತು, ದೂರು ಇರಲಿಲ್ಲ.

ಅಬ್ಬಾ ತೀರಿಕೊಂಡದ್ದು 2018ರ ಡಿಸೆಂಬರಿನಲ್ಲಿ, ರಾತ್ರಿ ಎರಡು ಗಂಟೆಗೆ. ನನ್ನ ಅಣ್ಣ, ನಮ್ಮ ಭಾಯಿಜಾನ್, ದುಬೈಯಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ರಾತ್ರಿಯೇ ಫೋನ್ ಮಾಡಿದೆವು. ಬೆಳಿಗ್ಗೆ ಅವರಿಂದ ಸಂದೇಶ ಬಂತು. "ಟಿಕೇಟು ಸಿಕ್ಕಿತು. 11.30ರ ವಿಮಾನ." ಇಷ್ಟೇ ಬರೆದಿದ್ದರು. ಚಾಚಾ ನನ್ನನ್ನು ಕರೆದು, "ಬೇಟಾ, ನೀನು ಟೀಚರ್, ಲೆಕ್ಕ ಹಾಕಿ ಹೇಳು. ಎಷ್ಟು ಹೊತ್ತಿಗೆ ಮನೆ ಸೇರಬಹುದು?" ಎಂದರು. ನಾನು ಹನ್ನೊಂದೂವರೆಗೆ ಮೂರೂವರೆ ಕೂಡಿಸಿದೆ. ಮೂರು ಗಂಟೆ. ಹೊರಬರಲು ಮುಕ್ಕಾಲು ಗಂಟೆ. ಬಜ್ಪೆಯಿಂದ ಮೂಡುಬಿದಿರೆಯ ಮೇಲೆ ಕಾರ್ಕಳದ ನಮ್ಮ ಮನೆಗೆ ಒಂದು ಗಂಟೆ. "ನಾಲ್ಕೂ ಮುಕ್ಕಾಲಿಗೆ ಇಲ್ಲಿರುತ್ತಾರೆ ಚಾಚಾ" ಎಂದೆ. ಅಸರ್ ನಮಾಝಿನ ನಂತರ ದಫನ್ ಎಂದು ನಿಶ್ಚಯವಾಯಿತು. ಮಸೀದಿಗಳಿಗೆ ತಿಳಿಸಿದರು, ನೆಂಟರಿಗೆ ತಿಳಿಸಿದರು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಭಾಯಿಜಾನ್ ಅಮ್ಮಿಗೆ ಫೋನ್ ಮಾಡಿ ಅತ್ತರು. ನನ್ನ ಲೆಕ್ಕದ ಪ್ರಕಾರ ಅವರು ಆಗ ಸಮುದ್ರದ ಮೇಲೆ ಇರಬೇಕಿತ್ತು. ಮನೆ ತುಂಬ ಜನ. ಯಾರಿಗೂ ಹೊಳೆಯಲಿಲ್ಲ. ಫೋನನ್ನು ಅಮ್ಮಿಯ ಕಿವಿಗೆ ಹಿಡಿದಿದ್ದವಳು ನಾನೇ. ನನಗೂ ಹೊಳೆಯಲಿಲ್ಲ.

ಮೂರೂ ಮುಕ್ಕಾಲಿಗೆ ವಿಮಾನ ನಿಲ್ದಾಣಕ್ಕೆ ಹೋಗಿದ್ದ ನನ್ನ ಮಾಮನ ಮಗ ಫೋನ್ ಮಾಡಿದ. "ಆಪಾ, ಇಲ್ಲಿ ಬೋರ್ಡಿನಲ್ಲಿ 4.20 ಎಂದು ತೋರಿಸುತ್ತಿದೆ." ಆಗ ನನಗೆ ಎಲ್ಲ ಒಮ್ಮೆಲೇ ತಿಳಿಯಿತು. 11.30 ದುಬೈಯ ಗಂಟೆ. ನಮ್ಮ ಒಂದು ಗಂಟೆ. ವಿಮಾನ ಬಿಟ್ಟದ್ದೇ ಆಗ. ಅದೇ ವರ್ಷದ ಜುಲೈಯಲ್ಲಿ ನಾನು ಮೂವತ್ತೆರಡು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದ ಲೆಕ್ಕ.

ಹೊತ್ತನ್ನು ಮುಂದೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚಾಚಾನಿಗೆ ಹೇಳಿದೆ. ಆದರೆ ಜನ ಆಗಲೇ ಸೇರಿದ್ದರು, ದೂರದವರು ಬಸ್ಸಿಗೆ ಹಿಂತಿರುಗಬೇಕಿತ್ತು. ಹನ್ನೆರಡು ಗಂಟೆಗೂ ಹೆಚ್ಚು ಹೊತ್ತಿನಿಂದ ಮಯ್ಯತ್ ಮನೆಯಲ್ಲಿತ್ತು. ಅಬ್ಬಾ ಕೊನೆಯ ದಿನಗಳಲ್ಲಿ ಮೈಯೆಲ್ಲ ಬಾತುಕೊಂಡು ಇದ್ದವರು, ಇನ್ನು ಇಡುವ ಸ್ಥಿತಿ ಇರಲಿಲ್ಲ. ಬೆಳಿಗ್ಗೆಯೇ ಆರು ಗಂಟೆ ಎಂದು ಹೇಳಿದ್ದರೆ ಫ್ರೀಜರ್ ಪೆಟ್ಟಿಗೆ ತರಿಸುತ್ತಿದ್ದರು, ಮಗ್ರಿಬ್ ನಂತರ ಎಂದು ತಿಳಿಸುತ್ತಿದ್ದರು. ಅಷ್ಟೇ ಆಗಬೇಕಿದ್ದದ್ದು. ಐದೂವರೆಯವರೆಗೆ ಕಾದರು. ಆಮೇಲೆ ಹೊತ್ತುಕೊಂಡು ಹೋದರು.

ಭಾಯಿಜಾನ್ ಬಂದಾಗ ಮಗ್ರಿಬ್ ಬಾಂಗ್ ಆಗುತ್ತಿತ್ತು. ಬ್ಯಾಗನ್ನು ಜಗಲಿಯಲ್ಲಿಟ್ಟು ಚಾಚಾನ ಜೊತೆ ನೇರ ಖಬರಸ್ಥಾನಕ್ಕೆ ಹೋದರು. ಮೂರನೆಯ ದಿನ ನಾನೇ ಅವರ ಬಳಿ ಕುಳಿತು ನಡೆದದ್ದನ್ನು ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಟಿಕೇಟಿನ ಫೋಟೋ ಕಳಿಸಬೇಕಿತ್ತು, ನಾನು ಕಳಿಸಲಿಲ್ಲ" ಎಂದರು. ಇದುವರೆಗೆ ಅವರು ನನ್ನ ಮೇಲೆ ತಪ್ಪು ಹೊರಿಸಿಲ್ಲ. ಚಾಚಾನೂ ಹೊರಿಸಿಲ್ಲ. ನಾನು ಹೇಳಿದ ಹೊತ್ತನ್ನು ಯಾರೂ ಮರುಪ್ರಶ್ನೆ ಕೇಳದೆ ನಂಬಿದರು, ಯಾಕೆಂದರೆ ಆ ಮನೆಯಲ್ಲಿ ಬಿ.ಎಡ್. ಮಾಡಿದವಳು ನಾನೊಬ್ಬಳೇ. ಮಕ್ಕಳೇ, ನೀವು ಓದಿದ ಮೇಲೆ ನಿಮ್ಮನ್ನೂ ಹೀಗೆಯೇ ನಂಬುತ್ತಾರೆ.

ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಎರಡು ಅಂಕ.

ಈಗ ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಉರ್ದುವಿನಲ್ಲಿ ಅಮ್ಮಿಗೆ, ಕನ್ನಡದಲ್ಲಿ ಮಕ್ಕಳಿಗೆ. ದುಬೈ ಬಿಡುವ ಗಂಟೆಗೆ ಒಂದೂವರೆ ಕೂಡಿಸು, ಅದಕ್ಕೆ ಮೂರೂವರೆ ಕೂಡಿಸು, ಹೊರಬರಲು ಮುಕ್ಕಾಲು, ದಾರಿಗೆ ಒಂದು. ಒಟ್ಟು ಆರೂ ಮುಕ್ಕಾಲು. ಅಂದರೆ ಅಲ್ಲಿಯ ಗಡಿಯಾರದಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿಟ್ಟವರು ಇಲ್ಲಿಯ ಗಡಿಯಾರದಲ್ಲಿ ಸಂಜೆ ಐದಕ್ಕೆ ಕಾಲು ಗಂಟೆ ಇರುವಾಗ ಬಾಗಿಲಲ್ಲಿರುತ್ತಾರೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡಕ್ಕೆ ಮಂಜು, ಮಳೆ ಕವಿದರೆ ಇಳಿಯುವುದು ತಡವಾಗಬಹುದು, ಬೇರೆ ಊರಿಗೆ ತಿರುಗಿಸಲೂಬಹುದು. ಅದಕ್ಕೆ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದಿದ್ದೇನೆ. ಟಿಕೇಟಿನ ಫೋಟೋ ತರಿಸಿಕೊಳ್ಳಿ ಎಂದು.

ನಿಮಗೂ ಒಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಸಲ ನಿಮ್ಮ ಮನೆಗೆ ಯಾರಾದರೂ ಬರುವಾಗ ಅವರು ಬಿಡುವ ಊರಿನ ಗಂಟೆ ಕೇಳಿ, ನಿಮ್ಮ ಊರಿನ ದಾರಿಯ ಹೊತ್ತನ್ನೂ ಸೇರಿಸಿ ಮನೆ ಬಾಗಿಲಿಗೆ ಎಷ್ಟು ಗಂಟೆಗೆ ಎಂದು ಮೊದಲೇ ಬರೆದಿಡಿ. ಅವರು ಬಂದ ಹೊತ್ತನ್ನು ಅದರ ಪಕ್ಕದಲ್ಲಿ ಬರೆಯಿರಿ. ಎಷ್ಟು ನಿಮಿಷ ತಪ್ಪಿತು, ಯಾಕೆ ತಪ್ಪಿತು ನೋಡಿ ನನಗೆ ತಂದು ತೋರಿಸಿ. ಸಮಾಜ ವಿಜ್ಞಾನಕ್ಕೆ ಈಗ ಬೇರೆ ಶಿಕ್ಷಕರು ಬಂದಿದ್ದಾರೆ. ಪರವಾಗಿಲ್ಲ, ಉರ್ದು ತರಗತಿಗೇ ತನ್ನಿ.